ಮುಚ್ಚಿಟ್ಟ ಕಜ್ಜಿಯ ಐದು ವಾರಗಳು: ಒಂದು ದೂರು

ಇಂದ,
ಆರೈಕೆ ಸಹಾಯಕಿ, ಹಗಲು ಪಾಳಿ,
ಎರಡನೆಯ ಮಹಡಿ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಹಿರಿಯರ ಆರೈಕೆ ಕೇಂದ್ರದ ನಿರ್ವಹಣಾ ಕಂಪನಿ

ದಿನಾಂಕ: ಜೂನ್ 20

ವಿಷಯ: ಕೇಂದ್ರದಲ್ಲಿ ಕಜ್ಜಿ ಸೋಂಕು ಇರುವುದನ್ನು ಸಿಬ್ಬಂದಿಗೆ ತಿಳಿಸದೆ ಇದ್ದದ್ದು, ಚಿಕಿತ್ಸೆಯನ್ನು ಅರ್ಧಂಬರ್ಧ ನಡೆಸಿದ್ದು ಹಾಗೂ ನನಗೆ ಕೊಟ್ಟ ಮೆಮೊ ಕುರಿತು.

ಮಾನ್ಯರೇ,

ನಿಮ್ಮ ಕೇಂದ್ರದಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮಗೆ ಪತ್ರ ಬರೆಯುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಜೂನ್ 2ರಂದು ನನ್ನ ಮನೆಗೆ ಕಳುಹಿಸಿದ ಮೆಮೊದಲ್ಲಿ, ನಾನು ವೈಯಕ್ತಿಕ ಸ್ವಚ್ಛತೆ ಕಾಪಾಡದೆ ಚರ್ಮರೋಗ ತಗುಲಿಸಿಕೊಂಡು ಕೇಂದ್ರದ ನಿವಾಸಿಗಳಿಗೆ ಅಪಾಯ ತಂದಿದ್ದೇನೆ ಎಂದು ಬರೆದಿದ್ದೀರಿ. ಅದಕ್ಕೆ ವಿವರಣೆಯನ್ನೂ ಕೇಳಿದ್ದೀರಿ. ವಿವರಣೆ ಕೊಡಬೇಕಾದವರು ಯಾರು ಎಂಬುದು ಈ ಪತ್ರವನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ಮಾರ್ಚ್ 28ರಂದು ಆಸ್ಪತ್ರೆಯಿಂದ ಒಬ್ಬ ಅಜ್ಜ ನಮ್ಮ ಮಹಡಿಯ 7ನೆಯ ಕೊಠಡಿಗೆ ಬಂದರು. ಮೊಣಕೈ, ಬೆರಳು, ಕಿವಿಯ ಹಿಂದೆ ಬೂದಿ ಬಣ್ಣದ ದಪ್ಪ ಹೊಪ್ಪಳಿಕೆ ಕಟ್ಟಿತ್ತು. ಹಾಸಿಗೆ ಕೊಡವಿದರೆ ಹೊಟ್ಟು ಉದುರುತ್ತಿತ್ತು. ಕೇಳಿದಾಗ ಮೇಲ್ವಿಚಾರಕರು "ಒಣ ಚರ್ಮ, ಎಣ್ಣೆ ಹಚ್ಚಿ" ಎಂದರು. ಹಚ್ಚಿದೆ. ಅವರಿಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಕಂಕುಳಿಗೆ ಕೈಕೊಟ್ಟು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವುದು ಎಲ್ಲವೂ ನನ್ನ ಪಾಲಿನ ಕೆಲಸ. ನೀವು ಕೊಡುವ ಕೈಗವಸು ಮಣಿಕಟ್ಟಿಗೆ ಮುಗಿಯುತ್ತದೆ. ಅದರ ಮೇಲಿನ ತೋಳು ಬರಿದು. ಬೀಳುವ ಭಯವಿರುವ ಮನುಷ್ಯ ನಮ್ಮ ತೋಳನ್ನೇ ಗಟ್ಟಿಯಾಗಿ ಹಿಡಿಯುತ್ತಾನೆ, ಗವಸನ್ನಲ್ಲ.

ಏಪ್ರಿಲ್ 16ರಂದು ಕೇಂದ್ರಕ್ಕೆ ಬಂದ ವೈದ್ಯರು ಅಜ್ಜನ ಚರ್ಮವನ್ನು ಕೆರೆದು ಪರೀಕ್ಷೆಗೆ ಕಳುಹಿಸಿದರು. ಅದೇ ದಿನ ಬಂದ ವರದಿ ಹೊಪ್ಪಳಿಕೆ ಕಟ್ಟಿದ ಕಜ್ಜಿ ಎಂದು ಹೇಳಿತು. ನಿವಾಸಿಯ ಕಡತದಲ್ಲಿ ಅದು ಇದೆ, ಕೆಳಗೆ ನಿಮ್ಮ ಆಡಳಿತಾಧಿಕಾರಿಯ ಸಹಿಯೂ ಇದೆ. ಈ ಸಂಗತಿ ನನಗೆ ಗೊತ್ತಾದದ್ದು ಜೂನ್ 10ರಂದು, ಔಷಧದ ಚಾರ್ಟ್ ತುಂಬಲು ಕಡತ ತೆರೆದಾಗ. ಅದುವರೆಗೆ ನಮಗೆ ಹೇಳಿದ್ದು ಒಂದೇ ಮಾತು: ಕಿಟಕಿ ದುರಸ್ತಿ ಇರುವುದರಿಂದ ಅಜ್ಜನನ್ನು ಮೂಲೆಯ ಕೊಠಡಿಗೆ ಸಾಗಿಸಲಾಗಿದೆ. ಆ ಕಿಟಕಿಗೆ ಇಂದಿಗೂ ಯಾರೂ ಕೈ ಹಾಕಿಲ್ಲ. ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಕ್ರೀಮಿನ ಟ್ಯೂಬಿನ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ "ಚರ್ಮದ ಕ್ರೀಮ್" ಎಂದು ಪೆನ್ನಿನಲ್ಲಿ ಬರೆದು ರಾತ್ರಿ ಪಾಳಿಯವರ ಕೈಗೆ ಕೊಟ್ಟಿದ್ದೀರಿ. ಮುಚ್ಚಿಡಲು ಇಷ್ಟು ಶ್ರಮ ಪಡುವವರು ಹೇಳಲು ಎರಡು ನಿಮಿಷ ಕೊಡಬಹುದಾಗಿತ್ತು.

ಮೇ ತಿಂಗಳ ಮೊದಲ ವಾರ ನನಗೆ ನವೆ ಶುರುವಾಯಿತು. ಹಗಲು ಸಹಿಸಬಹುದಾಗಿತ್ತು. ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದ ಕೂಡಲೇ ಬೆರಳಸಂದಿ, ಮಣಿಕಟ್ಟು, ಸೊಂಟದ ಸುತ್ತ ಬೆಂಕಿ ಇಟ್ಟಂತಾಗುತ್ತಿತ್ತು. ಸೋಪು ಬದಲಿಸಿದೆ. ಔಷಧದ ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತಂದು ಹಚ್ಚಿದೆ. ಅದು ಸ್ಟೀರಾಯ್ಡ್ ಇರುವ ಮುಲಾಮು ಎಂದು ಆಮೇಲೆ ತಿಳಿಯಿತು. ಅದು ಕೆಂಪನ್ನೂ ನವೆಯನ್ನೂ ಸ್ವಲ್ಪ ತಗ್ಗಿಸುತ್ತದೆ, ಕಜ್ಜಿ ತರುವ ಹುಳಕ್ಕೆ ಏನೂ ಮಾಡುವುದಿಲ್ಲ. ರೋಗ ಬೇರೆಯದೇ ವೇಷ ತೊಟ್ಟು ಬೆಳೆಯುತ್ತದೆ. ಹೀಗೆ ಇನ್ನೂ ಎರಡು ವಾರ ಕಳೆದವು. ಅಷ್ಟರಲ್ಲಿ ನನ್ನ ಮಗ್ಗುಲಲ್ಲಿ ಮಲಗುವ ಆರು ವರ್ಷದ ಮಗಳು ಅಂಗೈ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದಳು. ಅತ್ತೆಯವರಿಗೂ ಶುರುವಾಗಿತ್ತು. ಸೊಸೆಗೆ ಹೇಳಲು ಸಂಕೋಚಪಟ್ಟು ಅವರು ಬಾಯಿ ಬಿಟ್ಟಿರಲಿಲ್ಲ.

ಮೇ 23ರಂದು ಚರ್ಮವೈದ್ಯರ ಬಳಿಗೆ ಹೋದೆವು. ಅವರು ಭೂತಗನ್ನಡಿಯಂಥ ಉಪಕರಣವನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ನೋಡಿ, ಬೂದು ಗೆರೆಯಂಥ ಬಿಲವನ್ನೂ ಅದರ ತುದಿಯಲ್ಲಿದ್ದ ಕಪ್ಪು ಚುಕ್ಕೆಯನ್ನೂ ನನಗೇ ತೋರಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ನೀವು ಎಲ್ಲಿ ಕೆಲಸ ಮಾಡುತ್ತೀರಿ?"

ಅವರು ವಿವರಿಸಿದ್ದನ್ನು ನಿಮಗೂ ಹೇಳಬೇಕು, ಏಕೆಂದರೆ ನಿಮ್ಮ ಮೆಮೊ ಬರೆದವರಿಗೆ ಅದು ತಿಳಿದಂತಿಲ್ಲ. ಕಜ್ಜಿಗೆ ಕಾರಣ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಒಂದು ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮರಿ ಹೊರಬರುತ್ತದೆ. ಸಾಮಾನ್ಯ ಕಜ್ಜಿಯಿರುವವರ ಮೈಯಲ್ಲಿ ಇಂಥವು ಹತ್ತು ಹದಿನೈದು ಇದ್ದರೆ ಹೆಚ್ಚು. ಹೊಪ್ಪಳಿಕೆ ಕಟ್ಟಿದ ಕಜ್ಜಿಯಲ್ಲಿ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಇರುತ್ತವೆ. ನಮ್ಮ ಅಜ್ಜನಂತೆ ಶಕ್ತಿ ಕುಂದಿದ ವೃದ್ಧರಿಗೆ ಇದು ಬರುತ್ತದೆ, ಅವರಿಗೆ ನವೆಯೂ ಅಷ್ಟಾಗಿ ಇರದಿರಬಹುದು. ಅವರ ಹಾಸಿಗೆಯಿಂದ ನಾನು ದಿನವೂ ಕೊಡವಿದ್ದು ಹೊಟ್ಟಲ್ಲ.

ಇನ್ನು ಸ್ವಚ್ಛತೆಯ ಮಾತು. ದಿನಕ್ಕೆ ಎರಡು ಬಾರಿ ಸ್ನಾನ ಮಾಡಿದರೂ ಚರ್ಮದೊಳಗಿನ ಬಿಲಕ್ಕೆ ನೀರು ಹೋಗುವುದಿಲ್ಲ. ಈ ರೋಗ ಮುಖ್ಯವಾಗಿ ಹರಡುವುದು ಚರ್ಮಕ್ಕೆ ಚರ್ಮ ಬಹಳ ಹೊತ್ತು ತಾಗುವುದರಿಂದ. ಅಂದರೆ ಯಾವ ಕೆಲಸಕ್ಕೆಂದು ನೀವು ನನ್ನನ್ನು ನೇಮಿಸಿಕೊಂಡಿದ್ದೀರೋ ಅದರಿಂದಲೇ. ಇಟಲಿಯ ಬೊನೊಮೊ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಈ ನುಸಿಯನ್ನು ಕಂಡು ಇದೇ ಕಜ್ಜಿಗೆ ಕಾರಣ ಎಂದು ಬರೆದದ್ದು 1687ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಯಾವುದೇ ಹೊತ್ತಿನಲ್ಲಿ ಪ್ರಪಂಚದ 20 ಕೋಟಿಗೂ ಹೆಚ್ಚು ಜನರಿಗೆ ಕಜ್ಜಿ ಇರುತ್ತದೆ. ಅಷ್ಟೂ ಜನರಿಗೆ ನೀವು ಮೆಮೊ ಕೊಡಬೇಕಾದೀತು.

ಈಗ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ಬಾರಿ ಕಜ್ಜಿ ತಗುಲಿದವರಿಗೆ ನವೆ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಾರ್ಚ್ 28ಕ್ಕೆ ಅಜ್ಜ ಬಂದರು, ಮೇ ಮೊದಲ ವಾರಕ್ಕೆ ನನಗೆ ನವೆ ಬಂತು. "ಮನೆಯಿಂದ ತಂದಿರಬೇಕು" ಎಂದ ನಿಮ್ಮ ಮೇಲ್ವಿಚಾರಕರು ಈ ಲೆಕ್ಕ ಹಾಕಲಿ. ಮನೆಯಲ್ಲಿ ನವೆ ಶುರುವಾದದ್ದು ನನ್ನ ನಂತರ, ನನ್ನಿಂದ.

ಆದರೆ ಈ ನಾಲ್ಕರಿಂದ ಆರು ವಾರ ಎಂಬುದರಲ್ಲಿ ಇನ್ನೊಂದು ಅರ್ಥವಿದೆ. ನನ್ನನ್ನು ಸುಡುತ್ತಿರುವುದು ಅದೇ. ನವೆ ಇಲ್ಲದ ಆ ದಿನಗಳಲ್ಲಿಯೂ ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮೈ ಹೇಳುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಆಗ ನನ್ನನ್ನು ಎಚ್ಚರಿಸಬಲ್ಲವರು, ಕಡತದಲ್ಲಿ ವರದಿ ಇಟ್ಟುಕೊಂಡ ನೀವು ಮಾತ್ರ. ಏಪ್ರಿಲ್ 16ರ ಸಂಜೆ ಹೇಳಿದ್ದರೆ ಅಂದು ರಾತ್ರಿಯೇ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಕ್ರೀಮ್ ಹಚ್ಚಿಕೊಂಡು ಮಲಗುತ್ತಿದ್ದೆ. ಒಂದು ವಾರದ ನಂತರ ಇನ್ನೊಮ್ಮೆ ಹಚ್ಚುತ್ತಿದ್ದೆ. ಎರಡು ರಾತ್ರಿಯ ಕೆಲಸ. ಮಗಳನ್ನು ಬೇರೆ ಮಲಗಿಸುತ್ತಿದ್ದೆ. ಅದರ ಬದಲು ಮೇ 23ರವರೆಗೆ, ಐದು ವಾರಕ್ಕೂ ಹೆಚ್ಚು ಕಾಲ, ಅವಳನ್ನು ದಿನವೂ ತಬ್ಬಿಕೊಂಡು ಮಲಗಿದೆ.

ಸಾಂಕ್ರಾಮಿಕ ಎಂದು ತಿಳಿದ ಮೇಲೆ ನೀವು ಮಾಡಿದ್ದೂ ಸೊಗಸಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮೇ ಕೊನೆಯಲ್ಲಿ ಇಡೀ ಕಟ್ಟಡಕ್ಕೆ ಕೀಟನಾಶಕ ಸಿಂಪಡಿಸಿದಿರಿ. ಕೆಮ್ಮಿದವರು ನಾವು ಮತ್ತು ನಿವಾಸಿಗಳು. ಈ ನುಸಿ ಮನುಷ್ಯನ ಮೈಯಿಂದ ಹೊರಗೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಗೋಡೆಯ ಮೇಲೆ ಅದಕ್ಕೇನೂ ಕೆಲಸವಿಲ್ಲ. ಬಾಗಿಲು ಬಾಗಿಲಿಗೂ ಸ್ಯಾನಿಟೈಸರ್ ಬಾಟಲಿ ತೂಗುಹಾಕಿದಿರಿ. ಬಿಲದೊಳಗಿನ ನುಸಿಯನ್ನು ಸ್ಯಾನಿಟೈಸರ್ ಕೊಲ್ಲುವುದಿಲ್ಲ. ನಿಜವಾಗಿ ಬೇಕಿದ್ದದ್ದು ಸಾಮಾನ್ಯ ಕೆಲಸ: ಹಾಸಿಗೆ ಬಟ್ಟೆ, ಉಡುಪು, ಟವೆಲ್ಲುಗಳನ್ನು 50 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಒಗೆದು ಬಿಸಿಯಲ್ಲೇ ಒಣಗಿಸುವುದು, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡುವುದು, ಅಜ್ಜನ ಕೊಠಡಿಯ ಹೊಟ್ಟನ್ನು ದಿನವೂ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯುವುದು. ಲಾಂಡ್ರಿಯ ಬಿಸಿನೀರಿನ ಯಂತ್ರ ಫೆಬ್ರವರಿಯಿಂದ ಕೆಟ್ಟಿದೆ. ಅದರ ಬಗ್ಗೆ ಮೂರು ಸಲ ರಿಜಿಸ್ಟರಿನಲ್ಲಿ ಬರೆದಿದ್ದೇವೆ.

ಚಿಕಿತ್ಸೆಯದೂ ಇದೇ ಕಥೆ. ನವೆ ಇದೆ ಎಂದು ಬಾಯಿಬಿಟ್ಟು ಹೇಳಿದ ಮೂವರಿಗೆ ಮಾತ್ರ ಕ್ರೀಮ್ ಕೊಟ್ಟಿರಿ, ಅದೂ ಬೇರೆ ಬೇರೆ ದಿನ. ನನ್ನನ್ನು ಮೇ 25ರಿಂದ ಹದಿನೈದು ದಿನ ಸಂಬಳವಿಲ್ಲದೆ ಮನೆಗೆ ಕಳುಹಿಸಿದಿರಿ. ಮೊದಲ ಸುತ್ತಿನ ಕ್ರೀಮ್ ಹಚ್ಚಿ ತೊಳೆದ ಮರುದಿನ ಕೆಲಸಕ್ಕೆ ಹೋಗಬಹುದು ಎಂದು ನನ್ನ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮೇಲ್ವಿಚಾರಕರು ಓದದೆಯೇ ಮಡಚಿಟ್ಟರು. ಇದರ ಫಲವೇನು ಗೊತ್ತೇ? ನನ್ನ ಸಂಬಳ ಹೋದದ್ದನ್ನು ಕಂಡ ರಾತ್ರಿ ಪಾಳಿಯ ಇಬ್ಬರು ತಮ್ಮ ನವೆಯನ್ನು ಮುಚ್ಚಿಟ್ಟರು, ಉದ್ದ ತೋಳಿನ ಅಂಗಿ ತೊಟ್ಟು ಬರತೊಡಗಿದರು. ಅವರನ್ನು ನಾನು ದೂರುವುದಿಲ್ಲ, ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಮುಚ್ಚಿಡುವುದನ್ನು ಅವರಿಗೆ ಕಲಿಸಿದ್ದು ನೀವೇ.

ಜೂನ್ 9ರಂದು ಮೈ ವಾಸಿಯಾಗಿ ಕೆಲಸಕ್ಕೆ ಮರಳಿದೆ. ಅಜ್ಜನ ಕಡತದಲ್ಲಿ ಒಂದೇ ಬಾರಿ ಕ್ರೀಮ್ ಹಚ್ಚಿದ ಗುರುತಿದೆ, ಎರಡನೆಯ ಬಾರಿಯ ಕಾಲಂ ಖಾಲಿ. ನುಸಿ ಕೊಲ್ಲಲು ವೈದ್ಯರು ಬರೆದ ಐವರ್ಮೆಕ್ಟಿನ್ ಮಾತ್ರೆಯ ಎದುರು "ತರಿಸಬೇಕು" ಎಂದು ಬರೆದು ಬಿಟ್ಟಿದೆ. ಹೊಪ್ಪಳಿಕೆ ಕಟ್ಟಿದ ಕಜ್ಜಿಗೆ ಮಾತ್ರೆಯೂ ಬೇಕು, ಕ್ರೀಮೂ ಮತ್ತೆ ಮತ್ತೆ ಬೇಕು. ನಾನು ಮರಳಿ ಬಂದು ನಾಲ್ಕು ದಿನವಾಗಿರಲಿಲ್ಲ, ಮಣಿಕಟ್ಟಿನ ಮೇಲೆ ಹೊಸ ಗುಳ್ಳೆಗಳು ಎದ್ದವು. ಚಿಕಿತ್ಸೆಯ ನಂತರ ಹಳೆಯ ನವೆ ಕೆಲವು ವಾರ ಉಳಿಯುತ್ತದೆ ಎಂದು ಗೊತ್ತಿದ್ದರಿಂದ ಮೊದಲು ಸುಮ್ಮನಿದ್ದೆ. ವೈದ್ಯರು ನೋಡಿ ಇವು ಹೊಸ ಬಿಲಗಳು ಎಂದರು. ಎರಡನೆಯ ಬಾರಿ ತಗುಲಿದಾಗ ದೇಹ ವಾರಗಟ್ಟಲೆ ಕಾಯುವುದಿಲ್ಲ, ಒಂದೆರಡು ದಿನಗಳಲ್ಲೇ ಕೂಗುತ್ತದೆ. ಮನೆಯವರೆಲ್ಲ ಮತ್ತೆ ಮೊದಲಿನಿಂದ ಎಲ್ಲವನ್ನೂ ಮಾಡಿದೆವು.

ಅಜ್ಜನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅವರಿಗೆ ಅರಿವು ಅರ್ಧ ಮಾತ್ರ ಇದೆ. ಕೈ ಹಿಡಿದರೆ ಅವರು ಶಾಂತವಾಗುತ್ತಾರೆ. ಆ ಮೂಲೆಯ ಕೊಠಡಿಯಲ್ಲಿ ಈಗ ಅವರ ಕೈ ಹಿಡಿಯಲು ಎಲ್ಲರೂ ಹೆದರುತ್ತಾರೆ. ಎರಡು ತಿಂಗಳು ಸರಿಯಾದ ಚಿಕಿತ್ಸೆಯಿಲ್ಲದೆ ಬಿದ್ದಿರುವ ಅವರ ಪರವಾಗಿಯೂ ಈ ದೂರು ಎಂದು ತಿಳಿಯಿರಿ. ಬಿರುಕು ಬಿಟ್ಟ ಚರ್ಮದಿಂದ ಬ್ಯಾಕ್ಟೀರಿಯಾ ಒಳಗೆ ಹೋದರೆ ಅದು ರಕ್ತಕ್ಕೂ ಮೂತ್ರಪಿಂಡಕ್ಕೂ ಮುಟ್ಟಬಹುದು. ಅವರ ಮಕ್ಕಳಿಗೆ ವಿಷಯ ತಿಳಿಸಿದ್ದೀರಾ? ಕಳೆದ ಭಾನುವಾರ ಅವರ ಮೊಮ್ಮಗಳು ಬಂದು ತಾತನ ಪಕ್ಕದಲ್ಲೇ ಹಾಸಿಗೆಯ ಮೇಲೆ ಕೂತಿದ್ದಳು. ನಾನು ಎಬ್ಬಿಸಿ ಕುರ್ಚಿ ಕೊಟ್ಟೆ. ಏಕೆಂದು ಹೇಳಲು ನನಗೆ ಅಧಿಕಾರವಿಲ್ಲ, ಹೇಳಬೇಕಾದವರು ಹೇಳಿಲ್ಲ.

ನಾನು ಕೇಳುವುದು ಇಷ್ಟು. ಜೂನ್ 2ರ ಮೆಮೊವನ್ನು ಲಿಖಿತವಾಗಿ ಹಿಂಪಡೆದು ನನ್ನ ಸೇವಾ ಕಡತದಿಂದ ತೆಗೆಯಬೇಕು. ಮನೆಗೆ ಕಳುಹಿಸಿದ ಹದಿನೈದು ದಿನಗಳನ್ನು ಕೆಲಸದ ದಿನಗಳೆಂದು ಎಣಿಸಿ ಸಂಬಳ ಕೊಡಬೇಕು. ನನ್ನ ಮತ್ತು ಮನೆಯವರ ಎರಡೂ ಸುತ್ತಿನ ಚಿಕಿತ್ಸೆಯ ಖರ್ಚನ್ನು ಕಂಪನಿಯೇ ಭರಿಸಬೇಕು. ಎಲ್ಲಕ್ಕಿಂತ ತುರ್ತಾಗಿ, ಕೇಂದ್ರದ ವೈದ್ಯರೊಡನೆ ಕೂತು ಒಂದು ದಿನ ಗೊತ್ತುಮಾಡಿ. ನವೆ ಇರಲಿ ಬಿಡಲಿ, ಎರಡನೆಯ ಮಹಡಿಯ ನಿವಾಸಿಗಳು, ಮೂರೂ ಪಾಳಿಯ ಸಿಬ್ಬಂದಿ, ಅವರ ಮನೆಯವರು ಎಲ್ಲರಿಗೂ ಒಂದೇ ದಿನ ಚಿಕಿತ್ಸೆಯಾಗಲಿ, ಒಂದು ವಾರದ ನಂತರ ಮತ್ತೊಮ್ಮೆ ಆಗಲಿ. ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಮಾತ್ರೆ ಹೊಂದುವುದಿಲ್ಲವಾದ್ದರಿಂದ ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಅಜ್ಜನ ಕೊಠಡಿಗೆ ಉದ್ದ ತೋಳಿನ ಗೌನು ಮತ್ತು ಅದರ ತೋಳಿನ ಮೇಲೆ ಬರುವಷ್ಟು ಉದ್ದದ ಕೈಗವಸು ಕೊಡಿ. ಬಿಸಿನೀರಿನ ಯಂತ್ರ ರಿಪೇರಿ ಮಾಡಿಸಿ. ನಿವಾಸಿಗಳ ಕುಟುಂಬಗಳಿಗೆ ತಿಳಿಸಿ. ಮುಂದೆ ಇಂಥ ಯಾವುದೇ ವರದಿ ಬಂದರೆ ರೋಗಿಯ ಹೆಸರನ್ನು ಗೋಡೆಗೆ ಅಂಟಿಸಬೇಕಾಗಿಲ್ಲ. ಅವರನ್ನು ಮುಟ್ಟುವ ಕೈಗಳಿಗೆ ಅದೇ ದಿನ ಹೇಳಿದರೆ ಸಾಕು.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಈ ಪತ್ರದ ಪ್ರತಿ ಕಾರ್ಮಿಕ ಇಲಾಖೆಗೂ ಆರೋಗ್ಯ ಇಲಾಖೆಗೂ ಹೋಗುತ್ತದೆ. ಮೇಲ್ವಿಚಾರಕರು ದೂರವಾಣಿಯಲ್ಲಿ "ಮಾತಾಡಿ ಬಗೆಹರಿಸೋಣ" ಎಂದಿದ್ದಾರೆ. ಮಾತಾಡುವ ದಿನ ಏಪ್ರಿಲ್ 16 ಆಗಿತ್ತು. ಈಗ ಬರೆದು ಕೊಡಿ.

ನಾಳೆ ಬೆಳಗಿನ ಪಾಳಿಗೆ ನಾನು ಬರುತ್ತೇನೆ. ಮೂಲೆಯ ಕೊಠಡಿಗೆ ಬೇಕಾದ ಗೌನನ್ನು ಏಳು ಗಂಟೆಯೊಳಗೆ ತೆಗೆದಿಡಲು ಹೇಳಿ.

ಇಂತಿ,
ಆರೈಕೆ ಸಹಾಯಕಿ, ಹಗಲು ಪಾಳಿ

ಲಗತ್ತು: ಚರ್ಮವೈದ್ಯರ ಮೇ 23ರ ಮತ್ತು ಜೂನ್ ತಿಂಗಳ ಚೀಟಿಗಳು, ಔಷಧದ ರಸೀದಿಗಳು, ಜೂನ್ 2ರ ಮೆಮೊದ ಪ್ರತಿ.