ಕಾಶಿ ಮಹಾರಾಜರ ಬಾವಿ ನೋಡಲು ನಮ್ಮ ಮಕ್ಕಳು ಹೊರಟಿದ್ದಾರೆ: ದೇಣಿಗೆ ಮನವಿ

ಆತ್ಮೀಯರೇ,

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಸ್ಟೋಕ್ ರೋ ಅಂತ ಒಂದು ಪುಟ್ಟ ಹಳ್ಳಿ ಇದೆ. ನಮ್ಮ ಭಾನುವಾರದ ಕನ್ನಡ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು, ಆ ಊರಿನ ಕಥೆಯನ್ನು ಕನ್ನಡದಲ್ಲಿ ಪುಟ್ಟ ಪುಸ್ತಕ ಮಾಡಿ ಅವರ ಕೈಗೆ ಕೊಡಬೇಕು ಅಂತ ನಮ್ಮ ಆಸೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಆ ಊರಿನಲ್ಲೊಂದು ಬಾವಿ ಇದೆ. ಅದನ್ನು ತೋಡಿಸಿಕೊಟ್ಟವರು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗ್.

ಸ್ಟೋಕ್ ರೋ ಇರುವುದು ಚಿಲ್ಟರ್ನ್ ಗುಡ್ಡಗಳ ಮೇಲೆ. ನೆಲದಡಿ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆಯೆಲ್ಲ ಇಂಗಿ ಹೋಗುತ್ತದೆ. ಇಷ್ಟು ಮಳೆ ಬರುವ ದೇಶದಲ್ಲಿ ನೀರಿಗೆ ಕಷ್ಟವೇ ಅಂತ ನಮಗೂ ಮೊದಲು ಆಶ್ಚರ್ಯವಾಗಿತ್ತು. ಆದರೆ ಆಗಿನ ಜನ ಗುಂಡಿಗಳಲ್ಲಿ ನಿಂತ ಕೊಳಕು ನೀರನ್ನೇ ನಂಬಿಕೊಂಡಿದ್ದರು. ಪಕ್ಕದ ಇಪ್ಸ್‌ಡನ್‌ನ ಎಡ್ವರ್ಡ್ ಆಂಡರ್ಟನ್ ರೀಡ್ ಆಗ ಭಾರತದಲ್ಲಿ ಅಧಿಕಾರಿ. 1831ರಲ್ಲಿ ಆಜಂಗಢದಲ್ಲಿ ಜನರಿಗಾಗಿ ಒಂದು ಬಾವಿ ತೋಡಿಸಿದ್ದರು. ತಮ್ಮ ಊರ ಕಡೆ ಒಬ್ಬ ಹುಡುಗ ಮನೆಯಲ್ಲಿ ಉಳಿದಿದ್ದ ಕೊನೆಯ ತೊಟ್ಟು ನೀರು ಕುಡಿದುಬಿಟ್ಟ ಅಂತ ತಾಯಿಯಿಂದ ಏಟು ತಿಂದಿದ್ದನ್ನು ಅವರು ಮಹಾರಾಜರಿಗೆ ಹೇಳಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಏನಾದರೂ ದಾನ ಮಾಡಬೇಕು ಅನ್ನಿಸಿದಾಗ ಮಹಾರಾಜರಿಗೆ ನೆನಪಾಗಿದ್ದು ಆ ಹುಡುಗನೇ.

1863ರ ಮಾರ್ಚಿನಲ್ಲಿ ಕೆಲಸ ಶುರುವಾಯಿತು. ಬಾವಿಯ ಅಗಲ ಬರೀ 4 ಅಡಿ, ಆಳ 368 ಅಡಿ. ಕುತುಬ್ ಮಿನಾರ್‌ನ ಎತ್ತರದ ಒಂದೂವರೆ ಪಟ್ಟು! ಅಷ್ಟನ್ನೂ ಕೈಯಲ್ಲೇ ತೋಡಿದರು. ಆ ಇಕ್ಕಟ್ಟಿನಲ್ಲಿ ಇಳಿದು ಅಗೆದವರನ್ನು ನೆನೆದರೆ ಎದೆ ಝಲ್ ಅನ್ನುತ್ತದೆ. 1864ರ ಮೇ 24ರಂದು ಬಾವಿ ಊರಿನವರದಾಯಿತು. ನೀರು ಎಲ್ಲರಿಗೂ ಪುಕ್ಕಟೆ. ನಮ್ಮ ಕಡೆಯ ಅರವಟ್ಟಿಗೆಯ ಹಾಗೆ, ಅಲ್ವಾ? ಮೇಲೆ ಗುಮ್ಮಟ, ಅದರ ಕೆಳಗೆ ನೀರು ಸೇದುವ ಯಂತ್ರ, ಯಂತ್ರದ ಮೇಲೆ ಬಂಗಾರದ ಬಣ್ಣದ ಆನೆ.

ನಮಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಚೆರ್ರಿ ತೋಟ. ಬಾವಿಯ ಪಕ್ಕದಲ್ಲೇ ಚೆರ್ರಿ ಗಿಡ ನೆಡಿಸಿದರು. ಹಣ್ಣು ಮಾರಿದ ದುಡ್ಡು ಬಾವಿಯ ಖರ್ಚಿಗೆ. ಆ ತೋಟದ ಹೆಸರು ಈಶ್ರೀ ಬಾಗ್. ಬಾವಿ ನೋಡಿಕೊಳ್ಳುವವರಿಗೆ ಒಂದು ಪುಟ್ಟ ಮನೆಯೂ ಇತ್ತು. ಕೊಟ್ಟ ಮೇಲೆ ಅದು ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತಲೂ ಯೋಚಿಸಿದ್ದರಲ್ಲ, ಅದು ದೊಡ್ಡ ಮಾತು.

ಕೊಳಾಯಿ ನೀರು ಬಂದ ಮೇಲೆ ಯಾರೂ ಅಲ್ಲಿ ನೀರು ಸೇದುತ್ತಿಲ್ಲ. ಆದರೂ ಊರಿನವರು ಬಾವಿಯನ್ನು ಬಿಟ್ಟಿಲ್ಲ. 1964ರಲ್ಲಿ ನೂರು ವರ್ಷದ ಸಮಾರಂಭಕ್ಕೆ ಪ್ರಿನ್ಸ್ ಫಿಲಿಪ್ ಬಂದಿದ್ದರು. ಗಂಗಾಜಲ ತಂದು ಬಾವಿಯ ನೀರಿನ ಜೊತೆ ಬೆರೆಸಿದರು. ಇವತ್ತಿಗೂ ಸ್ಥಳೀಯ ಟ್ರಸ್ಟ್ ಒಂದು ಅದನ್ನು ಕಾಪಾಡುತ್ತಿದೆ.

ನಮ್ಮ ಮಕ್ಕಳು ಹುಟ್ಟಿ ಬೆಳೆದಿರುವುದು ಇಲ್ಲೇ. "ನಾವು ಎಲ್ಲಿಯವರು" ಅಂತ ಅವರು ಕೇಳುತ್ತಾರೆ. ಈ ಬಾವಿಯ ಕಟ್ಟೆಯ ಹತ್ತಿರ ನಿಲ್ಲಿಸಿ ಆ ಮಾತು ಆಡಬೇಕು ಅಂತ ನಮಗೆ ತುಂಬಾ ಇದೆ.

ನಿಮ್ಮ ದೇಣಿಗೆಯಲ್ಲಿ ಮೊದಲು ಬಸ್ಸಿನ ಬಾಡಿಗೆ, ಆಮೇಲೆ ಪುಸ್ತಕದ ಅಚ್ಚು. ಉಳಿದದ್ದನ್ನು ಒಂದು ಪೆನ್ನಿಯೂ ಬಿಡದೆ ಬಾವಿ ಕಾಯುವ ಟ್ರಸ್ಟಿಗೇ ಕೊಡುತ್ತೇವೆ. ಎಷ್ಟಾದರೂ ಸರಿ. ಭಾನುವಾರ ತರಗತಿಗೆ ಬಂದಾಗ ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಲೆಕ್ಕವನ್ನು ಶಾಲೆಯ ಬೋರ್ಡಿಗೆ ಅಂಟಿಸುತ್ತೇವೆ. ದುಡ್ಡು ಕೊಡಲು ಆಗದವರು ಕರಡು ತಿದ್ದಿಕೊಡಿ, ಇಲ್ಲವೇ ಆ ದಿನದ ಬುತ್ತಿಗೆ ಕೈ ಜೋಡಿಸಿ.

ಪುಸ್ತಕದ ಚಿತ್ರಗಳನ್ನು ಮಕ್ಕಳೇ ಬರೆಯುತ್ತಿದ್ದಾರೆ. ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿಸಿದರೆ ಖರ್ಚು ಕಡಿಮೆ. ಆದರೆ ಆನೆಗೆ ಅವರು ಆಗಲೇ ಬಂಗಾರದ ಬಣ್ಣ ಬಳಿದಾಗಿದೆ.