ಇನ್ನು ಮುಂದೆ ಮೂಲರೂಪದ ಕೆಲಸ ಮಾತ್ರ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ಆಯುಧಪೂಜೆಯ ನಂತರ ನಮ್ಮ ವರ್ಕ್‌ಶಾಪಿನಲ್ಲಿ ಹಳೆಯ ಕಾರುಗಳಿಗೆ ಬೇರೆ ಎಂಜಿನ್ ಕೂರಿಸುವ, ಬಾಡಿ ಕತ್ತರಿಸಿ ಆಕಾರ ಬದಲಿಸುವ, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ತೆಗೆದು ನೆಲದ ಮೇಲಿನ ಫ್ಲೋರ್ ಗೇರ್ ಹಾಕುವ ಕೆಲಸಗಳನ್ನು ಒಪ್ಪಿಕೊಳ್ಳುವುದಿಲ್ಲ. ಫಿಯೆಟ್, ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್, ಯಾವುದೇ ಬಂದರೂ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಆ ಸ್ಥಿತಿಗೆ ತರುವ ಕೆಲಸವನ್ನಷ್ಟೇ ಮಾಡುತ್ತೇವೆ. ಮಾಡಿಫಿಕೇಷನ್‌ಗೆಂದು ಮುಂಗಡ ಕೊಟ್ಟು ಸರದಿಯಲ್ಲಿ ಕಾಯುತ್ತಿರುವವರ ಹಣವನ್ನು ಪೂರ್ತಿ ಹಿಂದಿರುಗಿಸುತ್ತೇವೆ. ಅನುಮತಿ ಪಡೆದು ಆರಂಭಿಸಿ, ಅರ್ಧದಲ್ಲಿರುವ ಕಾರುಗಳನ್ನು ಮಾತು ಕೊಟ್ಟಂತೆ ಮುಗಿಸಿಯೇ ಕೊಡುತ್ತೇವೆ. ತಿಂಗಳುಗಟ್ಟಲೆ ಕಾದವರಿಗೆ ಇದರಿಂದ ಬೇಸರವಾಗುವುದು ಸಹಜ, ಅದಕ್ಕಾಗಿ ಕ್ಷಮೆ ಕೋರುತ್ತೇವೆ.

ಇದು ಅಭಿರುಚಿಯ ಪ್ರಶ್ನೆಯೆಂದು ಕೆಲವರು ಭಾವಿಸಿದ್ದಾರೆ. ಹಾಗಲ್ಲ. ಚೆನ್ನಾಗಿ ಮಾಡಿದ ಕಸ್ಟಮ್ ಕಾರನ್ನು ನಾವು ಕೀಳಾಗಿ ಕಂಡಿಲ್ಲ. ಆದರೆ ಪದ್ಮಿನಿಗಾಗಲಿ ಅಂಬಾಸಿಡರಿಗಾಗಲಿ ಜೀಪಿಗಿರುವಂತೆ ಬಾಡಿಯಿಂದ ಪ್ರತ್ಯೇಕವಾದ ಚಾಸಿ, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು, ಇಲ್ಲ, ತಗಡಿನ ಬಾಡಿಯೇ ಇಡೀ ಕಾರಿನ ಭಾರ ಹೊರುತ್ತದೆ. (ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇದೆ, ಅದರ ಮಾತು ಬೇರೆ.) ಹೊಸ ಕಾಲದ ಎಂಜಿನ್, ಗೇರ್‌ಬಾಕ್ಸ್ ಹಿಡಿಸುವುದಕ್ಕಾಗಿ ಎಂಜಿನ್ ಹಿಂದಿನ ಗೋಡೆಯನ್ನೂ ನೆಲದ ತಗಡನ್ನೂ ಕೊಯ್ದರೆ ನಾವು ಕೊಯ್ಯುತ್ತಿರುವುದು ಆ ಕಾರಿನ ಬೆನ್ನೆಲುಬನ್ನೇ. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿಗೆ ಲೆಕ್ಕ ಹಾಕಿ ಕೊಟ್ಟ ಡ್ರಮ್ ಬ್ರೇಕುಗಳ ಮೇಲೆ ಅದಕ್ಕಿಂತ ಬಲವಾದ ಎಂಜಿನ್ ಹೇರಿ, ಹೆದ್ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಕಾನೂನೂ ಬಿಗಿಯಾಗಿದೆ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನದ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 2021ರಲ್ಲಿ ಬಂದ ಕೇಂದ್ರದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಗಳಿಗೆ ಮಾತ್ರ ‘ವಿಎ’ ಅಕ್ಷರಗಳಿರುವ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮಾನ್ಯತೆ 10 ವರ್ಷ. ಪದ್ಮಿನಿಗೂ ಮೊದಲಿನ ಫಿಯೆಟ್ ಡಿಲೈಟ್‌ಗಳಷ್ಟೇ ಅಲ್ಲ, 1974ರಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತು ಬಂದ ಮೊದಲ ಕಾರುಗಳೂ ಈಗ ಆ 50 ವರ್ಷದ ಗೆರೆ ದಾಟಿವೆ. ಇಂಥ ಕಾರಿನ ಎಂಜಿನ್ ಬದಲಿಸಿಕೊಟ್ಟರೆ ಆ ಅರ್ಹತೆಯನ್ನು ನಾವೇ ಕೈಯಾರೆ ಕಳೆದಂತಾಗುತ್ತದೆ. ‘ವಿಎ’ ಕಾರನ್ನು ದಿನನಿತ್ಯ ಆಫೀಸಿಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು. ದಿನವೂ ಓಡಿಸುವ ಆಸೆಯುಳ್ಳವರು ಈಗಿರುವ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಾವು ಅತಿ ಹೆಚ್ಚು ಕೇಳಿಸಿಕೊಂಡ ಮಾತಿಗೆ ಬರುತ್ತೇವೆ: ‘ಕಾರಿನ ಬೆಲೆಗಿಂತ ನಿಮ್ಮ ಬಿಲ್ಲೇ ಜಾಸ್ತಿ, ಅದೂ ಮೊದಲು ಹೇಳಿದ್ದೊಂದು, ಕೊನೆಗೆ ಕೇಳಿದ್ದೊಂದು.’ ಮಾತಿನ ಮೊದಲರ್ಧ ಅನೇಕ ಸಲ ನಿಜವೇ, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಅರ್ಧ ನಮಗೆ ನೋವು ತಂದಿದೆ. ಕಾರು ನಮ್ಮಲ್ಲಿಗೆ ಬಂದ ದಿನ ತಗಡಿನ ಕೆಲಸ ಮಾಡುವ ನಮ್ಮ ಟಿಂಕರ್ ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಬಾಗಿಲ ಕೆಳಗಿನ ಸಿಲ್ ಮೇಲೆ ನಿಧಾನವಾಗಿ ಎಳೆಯುತ್ತಾರೆ. ತಗಡಿದ್ದಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ದಪ್ಪವಾಗಿರುವಲ್ಲಿ ಜಾರಿ ನೆಲಕ್ಕೆ ಬೀಳುತ್ತದೆ. ಎಲ್ಲಿ ಬೀಳುತ್ತದೆಂಬುದು ತಿಳಿದರೂ ಆ ಪುಟ್ಟಿಯ ಹಿಂದೆ ಎಷ್ಟು ತಗಡು ಉಳಿದಿದೆ ಎಂಬುದು ಪೇಂಟ್ ಪೂರ್ತಿ ಕೆರೆದ ಮೇಲಷ್ಟೇ ಗೊತ್ತಾಗುವುದು. ಹಿಂದೆ ಯಾರೋ ತುಕ್ಕಿನ ತೂತಿಗೆ ಗೋಣಿಚೀಲ ತುರುಕಿ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದನ್ನೂ ನಾವು ಬಿಚ್ಚಿದ್ದೇವೆ. ಆ ಜಾಗಕ್ಕೆ ತಯಾರಾದ ಪ್ಯಾನೆಲ್ ಅಂಗಡಿಯಲ್ಲಿ ಸಿಗದಿದ್ದಾಗ, ಹೊಸ ತಗಡನ್ನು ಕತ್ತರಿಸಿ, ಕೈಯಲ್ಲೇ ಬಡಿದು ತಿರುವು ತಂದು, ವೆಲ್ಡ್ ಮಾಡಿ, ಉಜ್ಜಿ ಸಮ ಮಾಡಬೇಕು. ಬಿಲ್ಲಿನ ಅರ್ಧಕ್ಕೂ ಹೆಚ್ಚು ಭಾಗ ಈ ಕೂಲಿಯೇ ಹೊರತು ನಮ್ಮ ಲಾಭವಲ್ಲ. ಅಂಥ ಕೈಕೆಲಸ ಬಲ್ಲವರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದು ತಮಗೂ ಗೊತ್ತು, ಅವರಿಗೆ ತಕ್ಕ ಸಂಬಳ ಕೊಡುವುದರಲ್ಲಿ ನಮಗೆ ಸಂಕೋಚವಿಲ್ಲ.

ಬಂಪರ್, ಗ್ರಿಲ್, ಹೆಡ್‌ಲೈಟ್ ರಿಂಗುಗಳ ಕ್ರೋಮಿನ ವಿಷಯವೂ ಇಂಥದ್ದೇ. ಹೊಳೆಯುವ ಕ್ರೋಮಿನ ಪದರ ಬಹಳ ತೆಳುವಾದದ್ದು, ಹಣ ಹೋಗುವುದು ಅದರ ಕೆಳಗಿನ ತಾಮ್ರ, ನಿಕಲ್ ಪದರಗಳಿಗೆ ಮತ್ತು ಪ್ಲೇಟಿಂಗಿಗೂ ಮೊದಲಿನ ಪಾಲಿಷಿಗೆ. ಆ ಹಂತಗಳನ್ನು ಹಾರಿಸಿದ ಅಗ್ಗದ ಬಂಪರ್ ಒಂದೆರಡು ಮಳೆಗಾಲಕ್ಕೇ ಸಿಪ್ಪೆ ಏಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿ.ಎಸ್.ಟಿ. 28ರಿಂದ ಶೇ. 18ಕ್ಕೆ ಇಳಿದಿದೆ, ನಿಮ್ಮ ಬಿಲ್ ಯಾಕೆ ಇಳಿದಿಲ್ಲ ಎಂದು ಕೇಳುವವರಿದ್ದಾರೆ. ಕೂಲಿಯ ಮೇಲಿನ ತೆರಿಗೆ ಮೊದಲೂ ಶೇ. 18 ಇತ್ತು, ಈಗಲೂ ಅಷ್ಟೇ ಇದೆ. ತೆರಿಗೆ ಇಳಿದ ಹೊಸ ಬಿಡಿಭಾಗಗಳಲ್ಲಿ ಉಳಿದ ಹಣವನ್ನು ಬಿಲ್ಲಿನಲ್ಲಿ ಇಳಿಸಿಯೇ ಬರೆದಿದ್ದೇವೆ. ಆದರೆ ಗುಜರಿಯಲ್ಲಿ ಹುಡುಕಿ ತಂದ ಹಳೆಯ ಸ್ಪೀಡೋಮೀಟರಿಗೆ ಮಾರುವವನು ಹೇಳಿದ್ದೇ ಬೆಲೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದು ಕಾಲಕ್ಕೆ ರಾಶಿ ಬಿದ್ದಿದ್ದ ಸಾಮಾನನ್ನು ಈಗ ಒಂದೊಂದಾಗಿ ಹುಡುಕಿ ತರಬೇಕಾಗಿದೆ.

ಈ ದೂರಿಗೆ ಪರಿಹಾರವಾಗಿ ಅಂದಾಜನ್ನು ಇನ್ನು ಮುಂದೆ ಎರಡು ಹಂತಗಳಲ್ಲಿ ಕೊಡುತ್ತೇವೆ. ಮೊದಲು ಪೇಂಟ್ ಕೆರೆದು ತಗಡನ್ನು ತಮಗೇ ತೋರಿಸುತ್ತೇವೆ. ಅದರ ಖರ್ಚು ಮಾತ್ರ ತಮ್ಮದು. ಆಮೇಲೆ ಬರೆದುಕೊಡುವ ಅಂದಾಜನ್ನು ನಮ್ಮಿಷ್ಟಕ್ಕೆ ಏರಿಸುವುದಿಲ್ಲ. ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸಿ ಕಾರು ಒಯ್ಯಬಹುದು. ಕಾರ್ಖಾನೆಯ ಬಣ್ಣವೇ ಇನ್ನೂ ಗಟ್ಟಿಯಾಗಿರುವ ಕಾರಿಗೆ, ಅಲ್ಲಲ್ಲಿ ಮಾಸಿದ್ದರೂ, ಹೊಸ ಪೇಂಟ್ ಬೇಡವೆಂದೇ ನಾವು ಹೇಳುತ್ತೇವೆ. ಬಣ್ಣ ಬದಲಾಗಿದ್ದರೆ ಮೂಲ ಬಣ್ಣ ಯಾವುದಿತ್ತೆಂದು ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ರೆಕ್ಸಿನ್ನಿನ ಹಿಂದೆ, ಬಿಸಿಲು ತಾಗದ ಜಾಗದಲ್ಲಿ ಹುಡುಕಿ ಅದಕ್ಕೇ ಹೊಂದಿಸುತ್ತೇವೆ.

ಮೂಲರೂಪವೆಂದ ಮಾತ್ರಕ್ಕೆ ನಾವು ಹಟಮಾರಿಗಳೆಂದು ತಿಳಿಯಬೇಡಿ. ಮುಂದಿನ ಸೀಟುಗಳಿಗೆ ಬೆಲ್ಟ್, ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ಜಾಗಕ್ಕೆ ಹೊಸ ಕಾಲದ ಆಲ್ಟರ್ನೇಟರ್, ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ತಡೆಯುವ ಹೋಸ್ ಪೈಪು ಮತ್ತು ಪಂಪಿನ ಡಯಾಫ್ರಮ್, ಇವನ್ನು ಸಂತೋಷದಿಂದಲೇ ಹಾಕಿಕೊಡುತ್ತೇವೆ, ಹಳೆಯ ಪೆಟ್ರೋಲ್ ಪೈಪಿನ ರಬ್ಬರ್ ಮೆತ್ತಗಾಗಿ ಸೋರುವುದನ್ನು ನೋಡಿಯೂ ಸುಮ್ಮನಿರಲಾಗದು. ಬಾಡಿ ಕೊಯ್ಯದೆ ಹಾಕಿ, ಬೇಕೆಂದಾಗ ತೆಗೆಯಬಹುದಾದ ಬದಲಾವಣೆಗೆ ನಮ್ಮ ಅಡ್ಡಿಯಿಲ್ಲ. ಬಿಚ್ಚಿದ ಹಳೆಯ ಡೈನಮೊಗೆ ಚೀಟಿ ಅಂಟಿಸಿ, ಡಬ್ಬದಲ್ಲಿ ಹಾಕಿ, ಕಾರಿನ ಜೊತೆಗೇ ತಮಗೆ ಕೊಡುತ್ತೇವೆ, ಗುಜರಿಗೆ ಹಾಕುವುದಿಲ್ಲ.

ಹಿಂದೆ ನಮ್ಮಲ್ಲೇ ಮಾಡಿಫೈ ಮಾಡಿಸಿಕೊಂಡವರ ಕಾರುಗಳ ಸರ್ವಿಸ್ ಎಂದಿನಂತೆ ನಡೆಯುತ್ತದೆ, ಅವರನ್ನು ಬಾಗಿಲಲ್ಲಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ತಮ್ಮ ಕಾರನ್ನು ಮತ್ತೆ ಮೂಲರೂಪಕ್ಕೆ ತರಬೇಕೆನ್ನುವವರು ಆರ್.ಸಿ. ಪುಸ್ತಕದೊಂದಿಗೆ, ತೆಗೆದಿಟ್ಟ ಹಳೆಯ ಸಾಮಾನು ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಂಡು ಬನ್ನಿ. ಮುಂಗಡ ಹಿಂದಕ್ಕೆ ಪಡೆಯಬೇಕಾದವರು ರಸೀದಿ ತಂದರೆ ಸಾಕು.

ತಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಪಾಲುದಾರರು ಮತ್ತು ಕೆಲಸಗಾರರು