ಸಂಶೋಧನೆಗೆ ಉಲ್ಲೇಖದ ಲೆಕ್ಕವೊಂದೇ ಅಳತೆಯೇ?

ಮಾನ್ಯರೇ,

ನಗರದ ಸಂಸ್ಥೆಯೊಂದರ ನೇಮಕಾತಿ ಸಂದರ್ಶನದಲ್ಲಿ, ಕ್ಷಯರೋಗದ ಔಷಧ ನಿರೋಧಕತೆಯ ಬಗ್ಗೆ ಆರು ವರ್ಷ ದುಡಿದ ನನ್ನ ವಿದ್ಯಾರ್ಥಿನಿಯನ್ನು ಮೊದಲು ಕೇಳಿದ್ದು ‘ನಿಮ್ಮ ಎಚ್-ಇಂಡೆಕ್ಸ್ ಎಷ್ಟು?’ ಎಂದು, ಪ್ರಬಂಧಗಳಿದ್ದ ಕಡತವನ್ನು ಯಾರೂ ಬಿಚ್ಚಲಿಲ್ಲವಂತೆ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಈ ಅಳತೆಯಲ್ಲಿ, ಬೇರೆ ಪ್ರಬಂಧಗಳಲ್ಲಿ ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಸೂಚ್ಯಂಕ 10. ಅವುಗಳಲ್ಲೊಂದು ಸಾವಿರ ಬಾರಿ ಉಲ್ಲೇಖಗೊಂಡರೂ ಅದು ಕದಲದು. ಇಪ್ಪತ್ತು ಲೇಖಕರ ನಡುವೆ ಹೆಸರು ಸೇರಿಸಿಕೊಂಡವರಿಗೂ ಒಬ್ಬರೇ ಪ್ರಯೋಗ ನಡೆಸಿ ಬರೆದವರಿಗೂ ಒಂದೇ ಲೆಕ್ಕ. ತಮ್ಮ ಪ್ರಬಂಧಗಳನ್ನು ತಾವೇ ಉಲ್ಲೇಖಿಸಿಕೊಳ್ಳುವ ಚಾಳಿಯ ಮಾತು ಬಿಡಿ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ (ಅದರ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖಗಳ ಲೆಕ್ಕ) ಸಂಶೋಧಕರನ್ನು ಅಳೆಯಬಾರದೆಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೇಳಿದೆ. ಆಯ್ಕೆ ಸಮಿತಿಯ ಸದಸ್ಯರು ಅಭ್ಯರ್ಥಿಯ ಮೂರು ಪ್ರಬಂಧಗಳನ್ನಾದರೂ ಓದಿ ಬರುವುದನ್ನು ಕಡ್ಡಾಯಗೊಳಿಸಬೇಕು.

– ನಿವೃತ್ತ ಪ್ರಾಧ್ಯಾಪಕ, ಮಲ್ಲೇಶ್ವರ, ಬೆಂಗಳೂರು